10× ಬೈನಾಕ್ಯುಲರ್‌ನ ಫೀಲ್ಡ್ ಆಫ್ ವ್ಯೂ 8×ಗಿಂತ ಅಗಲ ಇರೋದು ಹೇಗೆ?

ಹಸಿರುಹಾದಿ:

ಎಲ್ಲರಿಗೂ ನಮಸ್ಕಾರ. ಹಕ್ಕಿ ನೋಡೋಕೆ ಒಂದು ಬೈನಾಕ್ಯುಲರ್ ಕೊಳ್ಳಬೇಕು ಅಂತ ಸ್ಪೆಸಿಫಿಕೇಶನ್‌ಗಳನ್ನು ಹೋಲಿಸ್ತಾ ಇದ್ದೀನಿ. ಕೆಲವು ಲೆಕ್ಕ ತಾಳೆಯಾಗ್ತಿಲ್ಲ.

ಮ್ಯಾಗ್ನಿಫಿಕೇಶನ್ ಹೆಚ್ಚಾದಷ್ಟೂ ನೋಟದ ಅಗಲ (ಫೀಲ್ಡ್ ಆಫ್ ವ್ಯೂ) ಕಡಿಮೆ ಆಗುತ್ತೆ ಅಂತ ಎಲ್ಲ ಕಡೆ ಓದಿದ್ದೆ. ಆದರೆ ನಿಕಾನ್ ಮೊನಾರ್ಕ್ ಎಂ5 8×42ಗೆ (8 ಪಟ್ಟು ಮ್ಯಾಗ್ನಿಫಿಕೇಶನ್, ಮುಂದಿನ ಲೆನ್ಸ್ 42 ಮಿ.ಮೀ.) 6.4° ಇದೆ, ಎಂ7 10×42ಗೆ 6.9° ಇದೆ. ಹೆಚ್ಚು ಹತ್ತಿರ ತರೋದೇ ಹೆಚ್ಚು ಅಗಲ ತೋರಿಸೋದು ಹೇಗೆ?

ಎರಡನೆಯದು, ಎಂ7 8×42ರ ಫೀಲ್ಡ್ 8.3°. ಅದನ್ನು 8ರಿಂದ ಗುಣಿಸಿದರೆ 66.4° ಬರಬೇಕು. ಕಂಪನಿಯವರು ಅಪೇರೆಂಟ್ ಫೀಲ್ಡ್ (ಕಣ್ಣಿಗೆ ಕಾಣೋ ವೃತ್ತದ ಅಗಲ) 60.3° ಅಂತ ಕೊಟ್ಟಿದ್ದಾರೆ. ಯಾವುದು ಸರಿ?

ಮೂರನೆಯದು, ಕೆಲವರು ಡಿಗ್ರಿ ಕೊಡ್ತಾರೆ, ಕೆಲವರು 1000 ಮೀಟರ್‌ಗೆ ಇಷ್ಟು ಮೀಟರ್ ಅಂತಾರೆ, ಇನ್ನು ಕೆಲವರು 1000 ಗಜಕ್ಕೆ ಇಷ್ಟು ಅಡಿ ಅಂತಾರೆ. ಎಲ್ಲವನ್ನೂ ಒಂದೇ ಅಳತೆಗೆ ತರೋದು ಹೇಗೆ? 42ರ ಬದಲು 50 ಮಿ.ಮೀ. ಲೆನ್ಸ್ ತಗೊಂಡರೆ ನೋಟ ಅಗಲ ಆಗುತ್ತಾ? ಒಂದು ಮಾತು ಸೇರಿಸಬೇಕು, ನಾನು ಕನ್ನಡಕ ಹಾಕ್ತೀನಿ.

ಪಟ್ಟಕ:

ಮೊದಲು ಅಳತೆಯದ್ದು ಮುಗಿಸೋಣ, ಅದು ಸುಲಭ. 1000 ಮೀಟರ್ ದೂರದಲ್ಲಿ 1° ಅಂದರೆ 17.5 ಮೀಟರ್. ಆದ್ದರಿಂದ ಮೀಟರ್‌ನಲ್ಲಿ ಕೊಟ್ಟಿದ್ದರೆ 17.5ರಿಂದ ಭಾಗಿಸಿ. 1000 ಗಜಕ್ಕೆ ಅಡಿಯಲ್ಲಿ ಕೊಟ್ಟಿದ್ದರೆ 52.4ರಿಂದ ಭಾಗಿಸಿ. ಒಂದು ಗಜಕ್ಕೆ ಮೂರು ಅಡಿ ಆದ್ದರಿಂದ ಅಡಿಯ ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ನೇರವಾಗಿ 1000 ಮೀಟರ್‌ಗೆ ಎಷ್ಟು ಮೀಟರ್ ಅನ್ನೋದೂ ಸಿಗುತ್ತೆ. 341 ಅಡಿ ಅಂದರೆ 113.7 ಮೀಟರ್, ಅಂದರೆ 6.5°. ನೀವು ಹೇಳಿದ ಎಂ5 8×42 112 ಮೀಟರ್, ಎಂ7 10×42 121 ಮೀಟರ್.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬೈನಾಕ್ಯುಲರ್‌ನಲ್ಲಿ ಎರಡು ಲೆನ್ಸ್ ಗುಂಪುಗಳಿವೆ, ಮುಂದೆ ಆಬ್ಜೆಕ್ಟಿವ್, ಕಣ್ಣಿನ ಹತ್ತಿರ ಐಪೀಸ್. ಆಬ್ಜೆಕ್ಟಿವ್‌ನ ಫೋಕಲ್ ಲೆಂಗ್ತನ್ನು (ದೂರದ ವಸ್ತುವಿನ ಬಿಂಬ ಲೆನ್ಸಿನಿಂದ ಎಷ್ಟು ದೂರದಲ್ಲಿ ಮೂಡುತ್ತೆ ಅನ್ನೋದನ್ನು) ಐಪೀಸ್‌ನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಮ್ಯಾಗ್ನಿಫಿಕೇಶನ್. ನೋಟದ ಅಗಲ ನಿರ್ಧಾರ ಆಗೋದು ಬೇರೆ ಕಡೆ. ಆಬ್ಜೆಕ್ಟಿವ್ ಮೂಡಿಸುವ ಬಿಂಬ ನಿಲ್ಲುವ ಜಾಗದಲ್ಲಿ ಐಪೀಸ್‌ಗೆ ಸೇರಿದ ಒಂದು ಉಂಗುರ ಇರುತ್ತೆ, ಅದಕ್ಕೆ ಫೀಲ್ಡ್ ಸ್ಟಾಪ್ ಅಂತಾರೆ. ಬೈನಾಕ್ಯುಲರ್ ಒಳಗೆ ನಿಮಗೆ ಕಾಣೋ ದುಂಡನೆಯ ಕಪ್ಪು ಅಂಚು ಅದೇ. ಅದರ ವ್ಯಾಸವನ್ನು ಆಬ್ಜೆಕ್ಟಿವ್‌ನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿ 57.3ರಿಂದ ಗುಣಿಸಿದರೆ ಫೀಲ್ಡ್ ಆಫ್ ವ್ಯೂ ಡಿಗ್ರಿಯಲ್ಲಿ ಬರುತ್ತೆ.

ಲೆಕ್ಕಕ್ಕೆಂದು ಒಂದು ಉದಾಹರಣೆ ಹಿಡಿಯೋಣ. ಆಬ್ಜೆಕ್ಟಿವ್ 168 ಮಿ.ಮೀ., ಐಪೀಸ್ 21 ಮಿ.ಮೀ. ಆದರೆ 8×. ಫೀಲ್ಡ್ ಸ್ಟಾಪ್ 18.8 ಮಿ.ಮೀ. ಇದ್ದರೆ ಫೀಲ್ಡ್ 6.4°. ಅದೇ ಆಬ್ಜೆಕ್ಟಿವ್‌ಗೆ 16.8 ಮಿ.ಮೀ. ಐಪೀಸ್ ಹಾಕಿದರೆ 10× ಆಯ್ತು. ಈ ಐಪೀಸ್‌ನ ಸ್ಟಾಪ್ 20.2 ಮಿ.ಮೀ. ಅಗಲ ಇದ್ದರೆ ಫೀಲ್ಡ್ 6.9°. ನೀವು ನೋಡಿದ ವಿಚಿತ್ರ ಇಷ್ಟೇ. ಎಂ7ರದ್ದು ವೈಡ್ ಐಪೀಸ್, ಎಂ5ರದ್ದು ಸಾಧಾರಣ ಅಗಲದ್ದು. ‘ಮ್ಯಾಗ್ನಿಫಿಕೇಶನ್ ಹೆಚ್ಚಾದರೆ ಫೀಲ್ಡ್ ಕಡಿಮೆ’ ಅನ್ನೋ ಮಾತು ಒಂದೇ ದರ್ಜೆಯ ಐಪೀಸ್‌ಗಳ ಮಧ್ಯೆ ಮಾತ್ರ ನಿಜ. ಎಂ7ರಲ್ಲೇ 8×ಗೆ 8.3°, 10×ಗೆ 6.9°. ಎಂ5ರಲ್ಲೇ 8×ಗೆ 6.4°, 10×ಗೆ 5.6°. ಸರಣಿಯ ಒಳಗೆ ನಿಯಮ ನಡೆಯುತ್ತೆ, ಸರಣಿ ದಾಟಿದ ಕೂಡಲೇ ಮುರಿಯುತ್ತೆ.

(ಹೋಲಿಸುವಾಗ ಹೆಸರನ್ನು ಸರಿಯಾಗಿ ನೋಡಿ. ಹಳೆಯ ‘ಮೊನಾರ್ಕ್ 7’ ಬೇರೆ, ಈಗಿನ ‘ಮೊನಾರ್ಕ್ ಎಂ7’ ಬೇರೆ. ಹಳೆಯದರಲ್ಲಿ 8×42ಗೆ 8.0°, 10×42ಗೆ 6.7°.)

ಐಪೀಸ್ ಯಾವ ದರ್ಜೆಯದು ಅಂತ ತಿಳಿಸೋ ಸಂಖ್ಯೆಯೇ ಅಪೇರೆಂಟ್ ಫೀಲ್ಡ್, ಅಂದರೆ ಕಣ್ಣಿಟ್ಟಾಗ ಆ ದುಂಡನೆ ಚಿತ್ರ ಎಷ್ಟು ಡಿಗ್ರಿ ಅಗಲ ಕಾಣುತ್ತೆ ಅನ್ನೋದು. ಕಿಟಕಿಯಿಂದ ದೂರ ನಿಂತು ಹೊರಗೆ ನೋಡೋದಕ್ಕೂ ಕಿಟಕಿಗೆ ಮುಖ ತಂದು ನೋಡೋದಕ್ಕೂ ಇರೋ ವ್ಯತ್ಯಾಸ ಅದು. 50° ಸುತ್ತಮುತ್ತ ಇದ್ದರೆ ಕೊಳವೆಯೊಳಗೆ ಇಣುಕಿದ ಹಾಗೆ ಅನಿಸುತ್ತೆ. 60° ದಾಟಿದರೆ ಅಂಚಿನ ನೆನಪೇ ಬರೋದಿಲ್ಲ.

66.4° ಮತ್ತು 60.3° ಎರಡೂ ಲೆಕ್ಕವಾಗಿ ಸರಿ, ಸೂತ್ರ ಬೇರೆ. ಹಳೆಯ ಪದ್ಧತಿಯಲ್ಲಿ ಫೀಲ್ಡನ್ನು ಮ್ಯಾಗ್ನಿಫಿಕೇಶನ್‌ನಿಂದ ನೇರವಾಗಿ ಗುಣಿಸ್ತಿದ್ದರು. ಐಎಸ್‌ಒ 14132-1:2002 ಮಾನದಂಡದಲ್ಲಿ ಫೀಲ್ಡ್‌ನ ಅರ್ಧ ಕೋನದ ಟ್ಯಾನ್ ತೆಗೆದು, ಅದನ್ನು ಮ್ಯಾಗ್ನಿಫಿಕೇಶನ್‌ನಿಂದ ಗುಣಿಸಿ, ಬಂದ ಸಂಖ್ಯೆಗೆ ಆರ್ಕ್-ಟ್ಯಾನ್ ತೆಗೆದು ಎರಡರಿಂದ ಗುಣಿಸ್ತಾರೆ. ಮಾಡಿ ನೋಡಿ: ಟ್ಯಾನ್ 4.15° ಅಂದರೆ 0.0726. 8ರಿಂದ ಗುಣಿಸಿದರೆ 0.580. ಅದರ ಆರ್ಕ್-ಟ್ಯಾನ್ 30.1°, ದುಪ್ಪಟ್ಟು ಮಾಡಿದರೆ 60.3°. ಗುಣಾಕಾರದ ಲೆಕ್ಕದಲ್ಲಿ 65°, ಐಎಸ್‌ಒ ಲೆಕ್ಕದಲ್ಲಿ 60° ದಾಟಿದರೆ ‘ವೈಡ್’ ಅನ್ನೋದು ನಿಕಾನ್ ಇಟ್ಟುಕೊಂಡ ಗಡಿ. ಟ್ಯಾನ್ ಸೂತ್ರ ಚಿತ್ರದಲ್ಲಿ ಸರಳರೇಖೆ ಎಲ್ಲೂ ಬಾಗಲ್ಲ ಅಂತ ಊಹಿಸುತ್ತೆ. ನಿಜವಾದ ಬೈನಾಕ್ಯುಲರ್‌ಗಳಲ್ಲಿ ಅಂಚಿನ ರೇಖೆಗಳು ಒಂದಿಷ್ಟು ಒಳಬಾಗೋ ಹಾಗೆ ಬೇಕಂತಲೇ ಮಾಡಿರ್ತಾರೆ. ಇಲ್ಲದಿದ್ದರೆ ಬೈನಾಕ್ಯುಲರ್ ಅಡ್ಡಕ್ಕೆ ತಿರುಗಿಸಿದಾಗ ದೃಶ್ಯ ಗೋಳದ ಮೇಲೆ ಉರುಳಿದ ಹಾಗೆ ಕಂಡು ತಲೆ ಸುತ್ತುತ್ತೆ. ಹಾಗಾಗಿ ನಿಜವಾದ ಅಗಲ ಸಾಮಾನ್ಯವಾಗಿ ಎರಡು ಉತ್ತರಗಳ ನಡುವೆ ಇರುತ್ತೆ. ಹೋಲಿಸುವಾಗ ಕಂಪನಿ ಬರೆದ ಅಪೇರೆಂಟ್ ಸಂಖ್ಯೆ ಬಿಟ್ಟುಬಿಡಿ. ಫೀಲ್ಡ್ ಮತ್ತು ಮ್ಯಾಗ್ನಿಫಿಕೇಶನ್ ತಗೊಂಡು ಎಲ್ಲ ಮಾಡೆಲ್‌ಗಳಿಗೂ ಒಂದೇ ಸೂತ್ರದಿಂದ ನೀವೇ ಲೆಕ್ಕ ಹಾಕಿ.

50 ಮಿ.ಮೀ. ವಿಷಯ: ಆಬ್ಜೆಕ್ಟಿವ್‌ನ ಅಗಲ ಬೆಳಕನ್ನು ಹೆಚ್ಚಿಸುತ್ತೆ, ನೋಟವನ್ನಲ್ಲ. ನಿಕಾನ್‌ನ 8×30 ಇ2 ಪುಟ್ಟ ಲೆನ್ಸಿನದು, ಫೀಲ್ಡ್ 8.8°. ಹಡಗಿನವರು ಬಳಸೋ 7×50ಗಳು ಬಹುಪಾಲು 7ರಿಂದ 7.5° ಒಳಗೇ ಇರ್ತವೆ.

ಕಾಡುಪಾಪ:

ಪಟ್ಟಕ ಅವರು ಹೇಳಿದ್ದರ ಮೇಲೆ ಹಕ್ಕಿ ನೋಡೋರ ಲೆಕ್ಕ ಸೇರಿಸ್ತೀನಿ. 1000 ಮೀಟರ್ ದೂರದಲ್ಲಿ ಯಾರೂ ಹಕ್ಕಿ ಹುಡುಕಲ್ಲ, ಹಾಗಾಗಿ 20 ಮೀಟರ್‌ಗೆ ಇಳಿಸಿ ನೋಡಿ. ಅಷ್ಟು ದೂರದ ಮರದಲ್ಲಿ 5.6° ಬೈನಾಕ್ಯುಲರ್ 1.96 ಮೀಟರ್ ಅಗಲದ ವೃತ್ತ ತೋರಿಸುತ್ತೆ, 6.4° ಆದರೆ 2.24, 6.9° ಆದರೆ 2.41, 8.3° ಆದರೆ 2.90 ಮೀಟರ್. ಇದು ವ್ಯಾಸ. ಎಲೆಗಳ ಮಧ್ಯೆ ಹಕ್ಕಿ ಹುಡುಕುವಾಗ ಬೇಕಾಗೋದು ವಿಸ್ತೀರ್ಣ, ಅದು ವ್ಯಾಸದ ವರ್ಗಕ್ಕೆ ತಕ್ಕ ಹಾಗೆ ಬೆಳೆಯುತ್ತೆ. 8.3 ಭಾಗಿಸು 5.6 ಅಂದರೆ 1.48. ಅದರ ವರ್ಗ ಸುಮಾರು 2.2. ಒಂದು ಬೈನಾಕ್ಯುಲರ್ ಇನ್ನೊಂದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಎಲೆಗಳನ್ನು ಒಂದೇ ಸಲಕ್ಕೆ ತೋರಿಸುತ್ತೆ ಅಂತಾಯ್ತು. ಕೊಂಬೆಯಿಂದ ಕೊಂಬೆಗೆ ನೆಗೆಯೋ ಉಲಿಯಕ್ಕಿಯಂಥ ಸಣ್ಣ ಹಕ್ಕಿಗೆ ಇದು ದೊಡ್ಡ ಅಂತರ. 6.4°ಗೂ 6.9°ಗೂ ಇರೋ ವ್ಯತ್ಯಾಸ ವಿಸ್ತೀರ್ಣದಲ್ಲಿ ಶೇ. 16. ಅದು ಗೊತ್ತಾಗುತ್ತೆ, ಆದರೆ ಅದೊಂದಕ್ಕಾಗಿ 10× ಕೊಳ್ಳಬೇಡಿ.

ಯಾಕೆಂದರೆ 10× ಕೈಯ ನಡುಕವನ್ನೂ ಹತ್ತು ಪಟ್ಟು ಮಾಡುತ್ತೆ. 80 ಮೀಟರ್ ದೂರದ ಹಕ್ಕಿ 8×ನಲ್ಲಿ 10 ಮೀಟರ್ ದೂರದಲ್ಲಿದ್ದ ಹಾಗೆ, 10×ನಲ್ಲಿ 8 ಮೀಟರ್ ದೂರದಲ್ಲಿದ್ದ ಹಾಗೆ. ಕೈ ನಿಂತರೆ ಲಾಭ ಇಷ್ಟು. ನಿಲ್ಲದಿದ್ದರೆ ಗರಿಯ ಗೆರೆಗಳು 8×ನಲ್ಲೇ ಹೆಚ್ಚು ಸ್ಪಷ್ಟ ಕಾಣ್ತವೆ. ಕೆರೆ, ಬಯಲು, ಹಾರೋ ಹದ್ದುಗಳಿಗೆ 10× ಒಪ್ಪುತ್ತೆ. ಮರಗಿಡಗಳ ಮಧ್ಯೆ 8×. ಸಂಜೆಗತ್ತಲಿಗೂ 8×42 ಮೇಲು: ಅದರ ಎಕ್ಸಿಟ್ ಪ್ಯೂಪಿಲ್ (ಕಣ್ಣಿನ ಕಡೆ ಹೊರಬರೋ ಬೆಳಕಿನ ಬಿಲ್ಲೆ) 42 ಭಾಗಿಸು 8, ಅಂದರೆ 5.25 ಮಿ.ಮೀ., 10×42ರದ್ದು 4.2. ನಡುಹಗಲಲ್ಲಿ ಕಣ್ಣಿನ ಪಾಪೆ 2–3 ಮಿ.ಮೀ.ಗೆ ಕುಗ್ಗಿರೋದರಿಂದ ಹೊಳಪಿನಲ್ಲಿ ವ್ಯತ್ಯಾಸ ಇಲ್ಲ. ಆದರೆ ದೊಡ್ಡ ಪ್ಯೂಪಿಲ್ ಇದ್ದರೆ ಕಣ್ಣು ಅತ್ತಿತ್ತ ಸರಿದರೂ ಚಿತ್ರ ಕಪ್ಪಾಗಲ್ಲ.

ಸ್ಪೆಸಿಫಿಕೇಶನ್‌ನಲ್ಲಿ ಎಂದೂ ಬರೆಯದ ಒಂದು ಸಂಗತಿ ಇದೆ, ಆ ಅಗಲದಲ್ಲಿ ಎಷ್ಟು ಭಾಗ ಚೂಪಾಗಿದೆ ಅನ್ನೋದು. ದೂರದ ಒಂದು ಬೋರ್ಡಿನ ಅಕ್ಷರವನ್ನು ನಡುವಿಗೆ ತಂದು ಫೋಕಸ್ ಮಾಡಿ. ಆಮೇಲೆ ಬೈನಾಕ್ಯುಲರ್ ನಿಧಾನಕ್ಕೆ ತಿರುಗಿಸ್ತಾ ಆ ಅಕ್ಷರವನ್ನು ಅಂಚಿನ ಕಡೆ ತನ್ನಿ. ಎಲ್ಲಿ ಮಸುಕಾಗುತ್ತೋ ಅಲ್ಲಿ ನಿಲ್ಲಿಸಿ ಫೋಕಸ್ ಚಕ್ರ ತಿರುಗಿಸಿ. ಅಕ್ಷರ ಮತ್ತೆ ಚೂಪಾದರೆ ಅದು ಫೀಲ್ಡ್ ಕರ್ವೇಚರ್. ಬಿಂಬ ಚಪ್ಪಟೆಯಾಗಿ ಮೂಡದೆ ಬೋಗುಣಿಯಂತೆ ಬಾಗಿದೆ ಅಂತ ಅರ್ಥ. ವಯಸ್ಸು ಚಿಕ್ಕದಿದ್ದರೆ ಕಣ್ಣೇ ಅದನ್ನು ಒಂದಿಷ್ಟು ಹೊಂದಿಸಿಕೊಳ್ಳುತ್ತೆ. ಎಷ್ಟು ತಿರುಗಿಸಿದರೂ ಚೂಪಾಗದಿದ್ದರೆ ಅದು ಹೆಚ್ಚಾಗಿ ಅಸ್ಟಿಗ್ಮ್ಯಾಟಿಸಂ (ಒಂದು ಚುಕ್ಕಿಯ ಬೆಳಕು ಒಂದೇ ಕಡೆ ಕೂಡದ ದೋಷ), ಅದಕ್ಕೆ ಔಷಧಿ ಇಲ್ಲ. ಅಂಥ ಮಸುಕು ಅಂಚನ್ನು ನಾನು ಅಗಲದ ಲೆಕ್ಕದಿಂದಲೇ ಕಳೆದುಬಿಡ್ತೀನಿ.

ಪಟ್ಟಕ:

ಕಾಡುಪಾಪ ಅವರೇ, ಮಸುಕು ಅಂಚನ್ನು ಪೂರ್ತಿ ಕಳೆದುಬಿಡೋದು ನನಗೆ ಸರಿ ಕಾಣಲ್ಲ. 8.3°ಯಲ್ಲಿ ಹೊರಗಿನ ಶೇ. 20 ಮಸುಕು ಅಂತಿಟ್ಟುಕೊಂಡರೂ ಚೂಪಾದ ನಡುಭಾಗ 6.6° ಉಳಿಯುತ್ತೆ. ಅಂಚಿನಲ್ಲಿ ರೆಕ್ಕೆ ಬಡಿದದ್ದು ಗೊತ್ತಾಗೋಕೆ ಅಕ್ಷರ ಓದುವಷ್ಟು ಸ್ಪಷ್ಟತೆ ಬೇಕಿಲ್ಲ. ಗೊತ್ತಾದ ಮೇಲೆ ಹೇಗೂ ಹಕ್ಕಿಯನ್ನು ನಡುವಿಗೇ ತರ್ತೀವಿ. ನಕ್ಷತ್ರ ನೋಡೋರಿಗೆ ಮಾತ್ರ ನಿಮ್ಮ ಮಾತು ಪೂರ್ತಿ ಸರಿ. ಅಂಚಿನ ಚುಕ್ಕಿಗಳೆಲ್ಲ ಹಕ್ಕಿ ಹಾರಿದ ಆಕಾರಕ್ಕೆ ತಿರುಗಿದರೆ ಆ ಅಗಲದಿಂದ ಉಪಯೋಗ ಇಲ್ಲ.

ಹಸಿರುಹಾದಿ:

ಬಹಳ ಧನ್ಯವಾದ, ಬಹುಪಾಲು ತಿಳಿಯಾಯ್ತು. ಕನ್ನಡಕದ ಪ್ರಶ್ನೆ ಉಳಿದಿದೆ. ಸದ್ಯ ಕೈಲಿರೋದು ಹಳೆಯ 8×40, ಮೇಲೆ 8.2° ಅಂತ ಕೊರೆದಿದೆ. ಗೋಡೆಗೆ ಟೇಪು ಹಚ್ಚಿ 20 ಮೀಟರ್ ದೂರದಿಂದ ನೋಡಿದೆ. ಕನ್ನಡಕ ತೆಗೆದು ನೋಡಿದಾಗ 2.85 ಮೀಟರ್ ಕಾಣುತ್ತೆ. ಹಾಕಿಕೊಂಡರೆ 2.10 ಮಾತ್ರ. ಬೈನಾಕ್ಯುಲರ್ ಕೆಟ್ಟಿದೆಯಾ?

ಪುನರ್ವಸು:

ಕೆಟ್ಟಿಲ್ಲ. 20 ಮೀಟರ್‌ಗೆ 8.2° ಅಂದರೆ 2.87 ಮೀಟರ್ ಬರಬೇಕು, ನಿಮಗೆ 2.85 ಬಂದಿದೆ. ಕೊರೆದಿರೋ ಸಂಖ್ಯೆ ನಿಜ. ಕನ್ನಡಕದೊಂದಿಗೆ 2.10 ಅಂದರೆ 6.0°. ಫೀಲ್ಡ್ ಸ್ಟಾಪಿನ ಚೂಪಾದ ಕಪ್ಪು ಅಂಚು ನಿಮಗೆ ಆಗ ಕಾಣಿಸೋದೇ ಇಲ್ಲ, ಅದರ ಬದಲು ಮಬ್ಬಾದ ಅಂಚು ಕಾಣುತ್ತೆ. ಗಮನಿಸಿ ನೋಡಿ. ವಿಸ್ತೀರ್ಣದ ಲೆಕ್ಕದಲ್ಲಿ ಸುಮಾರು ಅರ್ಧ ನೋಟ ಹೋಯ್ತು.

ಕಾರಣ ಐ ರಿಲೀಫ್. ಕೊನೆಯ ಲೆನ್ಸಿನಿಂದ ಎಷ್ಟು ಹಿಂದೆ ಕಣ್ಣಿಟ್ಟರೆ ಪೂರ್ತಿ ವೃತ್ತ ಕಾಣುತ್ತೋ ಆ ದೂರ ಅದು. ಕನ್ನಡಕ ಇದ್ದಾಗ ಕಣ್ಣು ಹಿಂದಕ್ಕೆ ಉಳಿಯುತ್ತೆ, ಕೊಳವೆಯಿಂದ ಬರೋ ಹೊರ ಅಂಚಿನ ಕಿರಣಗಳು ಪಾಪೆಗೆ ತಲುಪಲ್ಲ. ಮೊದಲು ಐಕಪ್ (ಐಪೀಸ್ ಸುತ್ತ ಕಣ್ಣಿಗೆ ತಾಗೋ ಬಟ್ಟಲು) ನೋಡಿ. ತಿರುಗಿಸೋ ಬಗೆಯದ್ದಾದರೆ ಪೂರ್ತಿ ಒಳಕ್ಕೆ ಇಳಿಸಿ, ರಬ್ಬರ್ ಆದರೆ ಹೊರಕ್ಕೆ ಮಡಚಿ. ಅದನ್ನು ಎತ್ತಿಟ್ಟುಕೊಂಡೇ ಕನ್ನಡಕ ಒತ್ತಿ ನೋಡೋರು ಬಹಳ ಜನ. ಮಡಚಿದ ಮೇಲೂ 2.10 ದಾಟದಿದ್ದರೆ ಆ ಮಾಡೆಲ್ ನಿಮಗಲ್ಲ. ಹಳೆಯ ವೈಡ್ 8×40ಗಳಲ್ಲಿ ಐ ರಿಲೀಫ್ ತೀರ ಕಡಿಮೆ ಇರೋದು ಸಾಮಾನ್ಯ.

ಹೊಸದು ಕೊಳ್ಳುವಾಗ ಕನ್ನಡಕದವರು 16 ಮಿ.ಮೀ.ಗಿಂತ ಕಡಿಮೆ ಇರೋದನ್ನು ಮುಟ್ಟದಿರೋದು ಒಳ್ಳೇದು. ದಪ್ಪ ಗಾಜು ಅಥವಾ ಮುಖದಿಂದ ದೂರ ನಿಲ್ಲೋ ಫ್ರೇಮ್ ಆದರೆ 18 ನೋಡಿ. ಆ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ಲೆನ್ಸಿನ ಮೇಲ್ಮೈಯಿಂದ ಅಳೆದಿರ್ತಾರೆ, ಮಡಚಿದ ಐಕಪ್‌ನ ಅಂಚು ಲೆನ್ಸಿಗಿಂತ ಕೆಲವು ಮಿ.ಮೀ. ಮೇಲಿರುತ್ತೆ, ಅಷ್ಟು ಕಳೆದೇ ನಿಮಗೆ ಸಿಗೋದು. ಈಗ ನಿಮ್ಮ ಪಟ್ಟಿಗೆ ಬನ್ನಿ. ಎಂ5 8×42ರ ಐ ರಿಲೀಫ್ 19.5 ಮಿ.ಮೀ., ಎಂ7 8×42ರದ್ದು 17.1. 10×42ಗಳಲ್ಲಿ 18.4 ಮತ್ತು 16.4. ನೋಟ ಅಗಲ ಮಾಡಿದಾಗ ಎಲ್ಲಿ ಬೆಲೆ ತೆತ್ತರು ಅನ್ನೋದು ಇಲ್ಲೇ ಕಾಣುತ್ತೆ. ಐಪೀಸ್ ಅಗಲವಾಗಿಯೂ ಇರಬೇಕು, ಐ ರಿಲೀಫ್ ಉದ್ದವಾಗಿಯೂ ಇರಬೇಕು ಅಂದರೆ ಐಪೀಸ್ ಲೆನ್ಸ್, ಪ್ರಿಸಂ (ಒಳಗೆ ತಲೆಕೆಳಗಾದ ಚಿತ್ರವನ್ನು ನೇರ ಮಾಡೋ ಗಾಜು) ಎರಡೂ ದೊಡ್ಡದಾಗಬೇಕು, ತೂಕ ಏರುತ್ತೆ. ನಿಮ್ಮ ಕನ್ನಡಕಕ್ಕೆ ಎಂ7ನಲ್ಲಿ 8.3° ಪೂರ್ತಿ ಸಿಗದೆ 7.3° ಸಿಕ್ಕರೂ ಅದು ಎಂ5ಗಿಂತ ಅಗಲವೇ. ಟೇಪಿನ ಪರೀಕ್ಷೆಯನ್ನು ಅಂಗಡಿಯಲ್ಲೇ, ಕನ್ನಡಕ ಹಾಕಿಕೊಂಡೇ ಮಾಡಿ. 10 ಮೀಟರ್ ಜಾಗ ಸಿಕ್ಕರೂ ಸಾಕು, ಅಲ್ಲಿ 8.3°ಗೆ 1.45 ಮೀಟರ್ ಬರಬೇಕು. ಒಂದು ಕಣ್ಣು ಮುಚ್ಚಿ ಒಂದೇ ಕೊಳವೆಯಲ್ಲಿ ನೋಡಿ. ಹತ್ತಿರದಲ್ಲಿ ಎರಡು ಕೊಳವೆಗಳ ವೃತ್ತಗಳು ಒಂದರ ಮೇಲೊಂದು ಸರಿಯಾಗಿ ಕೂರಲ್ಲ, ಎರಡೂ ಕಣ್ಣಲ್ಲಿ ಅಳೆದರೆ ಸುಳ್ಳು ಅಗಲ ಬರುತ್ತೆ. ದೂರವನ್ನು ಮುಂದಿನ ಲೆನ್ಸಿನಿಂದ ಅಳೆಯಿರಿ, ಕಣ್ಣಿನಿಂದಲ್ಲ.

ಟೇಪಿಗಿಂತ ಖಚಿತ ಅಳತೆ ಆಕಾಶದಲ್ಲಿ ಸಿಗುತ್ತೆ. ಪುನರ್ವಸುವಿನ ಎರಡು ಚುಕ್ಕಿಗಳ ನಡುವೆ 4.5°. ಸಪ್ತರ್ಷಿ ಮಂಡಲದ ಕ್ರತು ಮತ್ತು ಪುಲಹದ ನಡುವೆ 5.4°, ಅವೆರಡೂ ಒಟ್ಟಿಗೆ ಹಿಡಿಸಿ ಚೂರು ಜಾಗ ಉಳಿದರೆ ನಿಮ್ಮದು 5.6° ಇರಬಹುದು. ಓರಿಯನ್ ನಕ್ಷತ್ರಪುಂಜದ ಆರ್ದ್ರಾ ಮತ್ತು ಬೆಲಾಟ್ರಿಕ್ಸ್ ನಡುವೆ 7.5°, ಎಂ7 8×42ರಲ್ಲಿ ಎರಡೂ ಕಾಣಲೇಬೇಕು. ದಶಾಂಶದವರೆಗೆ ಬೇಕಾದರೆ ಬೈನಾಕ್ಯುಲರನ್ನು ಟ್ರೈಪಾಡಿಗೆ ಬಿಗಿದು ಓರಿಯನ್ ಪಟ್ಟಿಯಲ್ಲಿ ಮೊದಲು ಹುಟ್ಟೋ ಮಿಂಟಾಕ ನಕ್ಷತ್ರ ಹಿಡಿಯಿರಿ. ಅದು ಆಕಾಶದ ಸಮಭಾಜಕಕ್ಕೆ ತೀರ ಹತ್ತಿರ ಇರೋದರಿಂದ 1° ಸರಿಯೋಕೆ ನಾಲ್ಕು ನಿಮಿಷ ಬೇಕು. ಒಂದು ಅಂಚಿನಿಂದ ಹೊಕ್ಕು, ಸರಿಯಾಗಿ ನಡುವೆ ಹಾದು, ಇನ್ನೊಂದು ಅಂಚಿನಲ್ಲಿ ಮರೆಯಾಗೋ ತನಕ ಹಿಡಿದ ನಿಮಿಷಗಳನ್ನು ನಾಲ್ಕರಿಂದ ಭಾಗಿಸಿ. 6.9°ಗೆ ಇಪ್ಪತ್ತೇಳೂವರೆ ನಿಮಿಷ. ನಡು ಬಿಟ್ಟು ಮೇಲೋ ಕೆಳಗೋ ಹಾದರೆ ಲೆಕ್ಕ ಕಡಿಮೆ ಬರುತ್ತೆ.

ನೀರಂಚು:

ಇದೇ ವಿಷಯಕ್ಕೆ ಹೊಂದುತ್ತೆ ಅಂತ ಕೇಳ್ತಿದ್ದೀನಿ. ಆನ್‌ಲೈನ್‌ನಲ್ಲಿ ಒಂದು ಪುಟ್ಟ ಮಡಚೋ ಬೈನಾಕ್ಯುಲರ್ ಮೇಲೆ 30×60, 126 ಮೀ/1000 ಮೀ ಅಂತ ಇದೆ. 30× ಮತ್ತು ಅಷ್ಟು ಅಗಲ ಎರಡೂ ಇದ್ದರೆ ಎಂ7ಗಿಂತ ಮೇಲಲ್ವಾ?

ಪಟ್ಟಕ:

ಗುಣಿಸಿ ನೋಡಿ, ಉತ್ತರ ಅಲ್ಲೇ ಇದೆ. 126 ಭಾಗಿಸು 17.5 ಅಂದರೆ 7.2°. ಅದನ್ನು 30ರಿಂದ ಗುಣಿಸಿದರೆ 216°. ಐಎಸ್‌ಒ ಸೂತ್ರದಲ್ಲೂ 124° ಬರುತ್ತೆ. ಅತಿ ದುಬಾರಿ ಬೈನಾಕ್ಯುಲರ್‌ಗಳೇ ಇದರ ಹತ್ತಿರಕ್ಕೆ ಬರಲ್ಲ. ಸ್ವರೋವ್‌ಸ್ಕಿ ಎನ್‌ಎಲ್ ಪ್ಯೂರ್ 8×42ರದ್ದು 159 ಮೀಟರ್, ಅಂದರೆ 9.1°. ಗುಣಿಸಿದರೆ 73°. ನೇರ ಗುಣಾಕಾರದಲ್ಲಿ 85° ದಾಟಿದರೆ ಬರೆದಿರೋ ಎರಡು ಸಂಖ್ಯೆಗಳಲ್ಲಿ ಒಂದಾದರೂ ಸುಳ್ಳಿರೋ ಸಾಧ್ಯತೆ ಬಹಳ ಹೆಚ್ಚು. ಅಗಲ ನಿಜವಾಗಿ 7.2° ಇದ್ದು ಐಪೀಸ್ ಸಾಧಾರಣದ್ದಾದರೆ ಮ್ಯಾಗ್ನಿಫಿಕೇಶನ್ 8ರ ಆಸುಪಾಸಿಗೆ ಬರುತ್ತೆ.

ಕೈಗೆ ಸಿಕ್ಕರೆ ಅಳೆಯೋದೂ ಕಷ್ಟವಿಲ್ಲ. ಫೋಕಸ್ ದೂರಕ್ಕೆ ಇಡಿ. ಐಪೀಸ್‌ನ 25–30 ಸೆಂ.ಮೀ. ಹಿಂದೆ ಫೋನಿನ ಟಾರ್ಚ್ ಹಿಡಿದು, ಮುಂದಿನ ಲೆನ್ಸಿಗೆ ಐದು ಸೆಂ.ಮೀ. ಎದುರು ಬಿಳಿ ಹಾಳೆ ಹಿಡಿಯಿರಿ. ಹಾಳೆ ಮೇಲೆ ಬೀಳೋ ಬೆಳಕಿನ ವೃತ್ತದ ವ್ಯಾಸವೇ ನಿಜವಾಗಿ ಕೆಲಸಕ್ಕೆ ಬರೋ ಆಬ್ಜೆಕ್ಟಿವ್. ಮೇಲೆ 60 ಅಂತ ಬರೆದರೂ ಗಾಜೇ ಅಷ್ಟು ಅಗಲ ಇರಲ್ಲ. ಗಾಜು ಇದ್ದರೂ ಒಳಗಿನ ಚಿಕ್ಕ ಪ್ರಿಸಂ ಬೆಳಕು ತಡೆದಿರುತ್ತೆ. ಆಮೇಲೆ ಬೈನಾಕ್ಯುಲರನ್ನು ಕೈ ಚಾಚಿ ಹಿಡಿದು ತಿಳಿ ಆಕಾಶದ ಕಡೆ ತಿರುಗಿಸಿ. ಸೂರ್ಯನ ಕಡೆ ಮಾತ್ರ ಬೇಡ. ಐಪೀಸ್‌ನಲ್ಲಿ ಕಾಣೋ ಪುಟ್ಟ ಬೆಳಕಿನ ಬಿಲ್ಲೆಯನ್ನು (ಎಕ್ಸಿಟ್ ಪ್ಯೂಪಿಲ್) ಮಿ.ಮೀ. ಸ್ಕೇಲಿನಿಂದ ಅಳೆಯಿರಿ. ಹಾಳೆ ಮೇಲಿನ ವೃತ್ತ 24, ಬಿಲ್ಲೆ 3 ಬಂದರೆ 24 ಭಾಗಿಸು 3, ಅಂದರೆ ಅದು 8×24. ಬಿಲ್ಲೆ ದುಂಡಗಿರದೆ ಚೌಕದ ಮೂಲೆಗಳು ಕಂಡರೆ ಪ್ರಿಸಂ ಸಾಲದು ಅಂತಲೇ ಅರ್ಥ.

ಕಾಡುಪಾಪ:

ಝೂಮ್ ಬೈನಾಕ್ಯುಲರ್‌ಗಳಿಗೂ ಇದೇ ಗುಣಾಕಾರ ಹಾಕಿ ನೋಡಿ ನೀರಂಚು ಅವರೇ. ಅಲ್ಲಿ ಕಂಪನಿ ಸುಳ್ಳು ಹೇಳಿರಲ್ಲ, ಆದರೆ 10–22×50 ಅಂಥದ್ದರಲ್ಲಿ 10×ನಲ್ಲೇ ಫೀಲ್ಡ್ 3.8° ಇರುತ್ತೆ. 38° ಅಗಲದ ಕೊಳವೆಯಲ್ಲಿ ಇಣುಕಿದ ಹಾಗೆ. 20 ಮೀಟರ್ ದೂರದಲ್ಲಿ 1.33 ಮೀಟರ್ ವೃತ್ತ, ಹಕ್ಕಿ ಸಿಗೋ ಹೊತ್ತಿಗೆ ಹಾರಿಹೋಗಿರುತ್ತೆ. ಝೂಮ್ ಐಪೀಸ್‌ಗಳಲ್ಲಿ ಅತಿ ಕಡಿಮೆ ಮ್ಯಾಗ್ನಿಫಿಕೇಶನ್‌ನಲ್ಲೇ ಅಪೇರೆಂಟ್ ಫೀಲ್ಡ್ ಅತಿ ಕಿರಿದು. ಝೂಮ್ ಏರಿಸಿದರೆ ವೃತ್ತ ಅಗಲ ಆದ ಹಾಗೆ ಕಾಣುತ್ತೆ, ಆದರೆ ಅದರೊಳಗೆ ಹಿಡಿಯೋ ಜಾಗ ಇನ್ನೂ ಕಡಿಮೆ ಆಗ್ತಾ ಹೋಗುತ್ತೆ.

ಹಸಿರುಹಾದಿ ಅವರೇ, ನಿಮಗೆ: ಎಂ7 8×42 ಮೊದಲು ಕನ್ನಡಕ ಹಾಕಿಕೊಂಡು ನೋಡಿ. ಐಕಪ್ ಇಳಿಸಿ, 10 ಮೀಟರ್‌ನಲ್ಲಿ 1.25 ಮೀಟರ್‌ಗಿಂತ ಹೆಚ್ಚು ಕಂಡರೆ ಅದನ್ನೇ ತಗೊಳ್ಳಿ. 1.12ಕ್ಕಿಂತ ಕಡಿಮೆ ಕಂಡರೆ ಎಂ5 8×42ಗೆ ಬನ್ನಿ, ಅದರ 6.4° ಪೂರ್ತಿ ನಿಮ್ಮ ಕಣ್ಣಿಗೆ ಸಿಗೋ ಸಾಧ್ಯತೆ ಹೆಚ್ಚು. ನಡುವೆ ಬಂದರೆ ಎರಡನ್ನೂ ಕುತ್ತಿಗೆಗೆ ಹಾಕಿಕೊಂಡು ತೂಕ ನೋಡಿ ತೀರ್ಮಾನ ಮಾಡಿ.